ದೊಡ್ಡಪ್ಪ ಮಾರ್ಗ

ಜೂನ್ 3, ಬುಧವಾರ

ಉಸಿರು: ನಿಮಿಷಕ್ಕೆ 34.

ಪಶುವೈದ್ಯೆ ಬರೆಯಲು ಹೇಳಿದ್ದು ಇಷ್ಟೇ. ನಾಯಿ ನಿದ್ದೆಯಲ್ಲಿದ್ದಾಗ ಅದರ ಎದೆ ಒಂದು ನಿಮಿಷಕ್ಕೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿ, ತಾರೀಕು ಹಾಕಿ ಬರೆದಿಡಬೇಕಂತೆ. ಮೂವತ್ತರ ಒಳಗಿದ್ದರೆ ಕ್ಷೇಮ, ನಲವತ್ತು ದಾಟಿದರೆ ಎತ್ತಿಕೊಂಡು ಓಡಬೇಕು. ಬರೆದೆ. ಬರೆದ ಮೇಲೂ ಪುಟವೆಲ್ಲ ಖಾಲಿ ಉಳಿಯಿತು. ನೀರು ಸರಬರಾಜು ಕಚೇರಿಯ ವಾಲ್ವ್ ವಿಭಾಗದಲ್ಲಿ ಮೂವತ್ತೊಂದು ವರ್ಷ ರಿಜಿಸ್ಟರ್ ತುಂಬಿದವಳು ನಾನು, ಈಗ ಅಲ್ಲಿನ ಮೇಲ್ವಿಚಾರಕಿ. ಖಾಲಿ ಪುಟ ಕಂಡರೆ ಕೈ ಸುಮ್ಮನಿರುವುದಿಲ್ಲ.

ನಾಯಿ ನನ್ನದಲ್ಲ, ಅಕ್ಕನದು. ಅಕ್ಕ ಪರದೆ ಸಿಕ್ಕಿಸಲು ಸ್ಟೂಲು ಹತ್ತಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಯಿತು. ಈಗ ನಡೆಯುವುದನ್ನು ಹೊಸದಾಗಿ ಕಲಿಸುವ ಆರೈಕೆ ಕೇಂದ್ರದಲ್ಲಿದ್ದಾಳೆ. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಹೀಗೆ ಹನ್ನೆರಡು ವರ್ಷದ, ಆರು ಕಿಲೋ ತೂಗುವ ಪ್ರಾಣಿಯೊಂದು ನನ್ನ ಕೊರಳಿಗೆ ಬಿತ್ತು. ಬಂದ ನಾಲ್ಕನೇ ದಿನಕ್ಕೆ ಕೆಮ್ಮು ಶುರು ಮಾಡಿತು.

ಅದರ ಹೆಸರು ದೊಡ್ಡಪ್ಪ. ಮರಿಯಾಗಿದ್ದಾಗಲೇ ಅದಕ್ಕೆ ಬಿಳಿ ಗಡ್ಡ, ಪೊದೆ ಹುಬ್ಬು, ಊಟ ತಡವಾಯಿತು ಎನ್ನುವ ಮುಖ. ತೀರಿಕೊಂಡು ಇಪ್ಪತ್ತು ವರ್ಷವಾದ ನಮ್ಮ ಅಸಲಿ ದೊಡ್ಡಪ್ಪನದೂ ಅದೇ ಮುಖ. ಅಕ್ಕ ಬೇರೆ ಹೆಸರು ಹುಡುಕುವ ಕಷ್ಟ ತೆಗೆದುಕೊಳ್ಳಲಿಲ್ಲ.

ಪಶುವೈದ್ಯೆ ಎಕ್ಸ್‌ರೇ ತೋರಿಸಿ ಹೇಳಿದರು: "ಹೃದಯದ ಎಡಗಡೆ ವಾಲ್ವ್ ದಪ್ಪ ಆಗಿದೆ, ಸರಿಯಾಗಿ ಮುಚ್ಕೊಳ್ತಿಲ್ಲ. ರಕ್ತ ಹಿಂದಕ್ಕೆ ಲೀಕ್ ಆಗ್ತಿದೆ. ಚಿಕ್ಕ ಜಾತಿ ನಾಯಿಗಳಿಗೆ ವಯಸ್ಸಾದಾಗ ಇದು ಮಾಮೂಲಿ."

"ಅಂದ್ರೆ ಒಮ್ಮುಖ ವಾಲ್ವು," ಎಂದೆ. "ಬಿಚ್ಚಿ ವಾಷರ್ ಹಾಕಿದ್ರೆ?"

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ನಾವಿಲ್ಲಿ ಬಿಚ್ಚೋ ಹಾಗಿಲ್ಲ. ಮಾತ್ರೆ ಇದೆ. ಒಂದು ಹೃದಯಕ್ಕೆ ಬಲ ಕೊಡೋಕೆ, ಒಂದು ಶ್ವಾಸಕೋಶದ ನೀರು ತೆಗೆಯೋಕೆ."

ನನ್ನ ಕೈಯಲ್ಲಿ ರಿಪೇರಿಯಾಗದ ವಾಲ್ವು ಎಂಬುದನ್ನು ನಾನು ಈವರೆಗೆ ನೋಡಿಲ್ಲ. ಸಂಜೆ ಅಕ್ಕನಿಗೆ ಫೋನ್ ಮಾಡಿ ತಿಳಿಸಿದೆ. ಅಕ್ಕ ಅಳಲಿಲ್ಲ. "ನಾನು ಎದ್ದು ನಡೆಯೋತನಕ ಅವನನ್ನ ಉಳಿಸ್ಕೋ. ಆಮೇಲೆ ನಾನುಂಟು, ಅವನುಂಟು," ಎಂದಳು. ಆಗಲಿ ಎಂದೆ. ಅಕ್ಕನಿಗೆ ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆಂದು ನನಗೆ ಆರನೇ ವಯಸ್ಸಿನಿಂದಲೂ ಗೊತ್ತು.

ಜೂನ್ 8, ಸೋಮವಾರ

29.

ನೀರಿನ ಮಾತ್ರೆ ಕೆಲಸ ಮಾಡುತ್ತಿದೆ, ಅತಿಯಾಗಿ ಮಾಡುತ್ತಿದೆ. ಊರಿಗೆಲ್ಲ ನೀರು ಬಿಡುವವಳ ಹಜಾರದಲ್ಲಿ ಈಗ ದಿನಕ್ಕೆ ಮೂರು ಕೆರೆ. ಮಧ್ಯಾಹ್ನವೂ ಒಮ್ಮೆ ಮನೆಗೆ ಬಂದು ಹೊರಗೆ ಕರೆದೊಯ್ಯದೆ ಗತಿಯಿಲ್ಲ.

ಕಚೇರಿಯಲ್ಲಿ ಕಿವಿಗೆ ಹೇಳಿದೆ. ಕಿವಿ ಎಂದರೆ ನಮ್ಮ ವಿಭಾಗದ ಲೀಕ್ ಹುಡುಕುವ ಮನುಷ್ಯ. ಕಬ್ಬಿಣದ ಕೋಲಿನ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ, ಎರಡಾಳು ಆಳದ ಪೈಪಿನಲ್ಲಿ ಎಲ್ಲಿ ನೀರು ಸೋರುತ್ತಿದೆ ಎಂದು ಹೇಳಬಲ್ಲ. ಎದುರಿಗೆ ನಿಂತು ಮಾತಾಡಿದ್ದು ಮಾತ್ರ ಅವನಿಗೆ ಅರ್ಧವೇ ಕೇಳಿಸುತ್ತದೆ.

"ಇನ್ಮೇಲೆ ಮಧ್ಯಾಹ್ನ ಒಂದು ಗಂಟೆ ನಾನಿರಲ್ಲ. ದೊಡ್ಡಪ್ಪನಿಗೆ ಹಾರ್ಟ್ ವಾಲ್ವ್ ಲೀಕ್."

ಅವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ತುಂಬ ವಯಸ್ಸಾಗಿದೆಯಾ ಮೇಡಂ?"

"ಆಗಿದೆ."

"ನಿಮ್ಮನೇಲೇ ಇದ್ದಾರಾ?"

ಆ 'ದ್ದಾರಾ' ಕಿವಿಗೆ ಬಿದ್ದಾಗಲೇ ತಿದ್ದಬೇಕಿತ್ತು. ಅಷ್ಟರಲ್ಲಿ ಫೋನು ಬಂತು, ಮೂರನೇ ಬೀದಿಯಲ್ಲಿ ಪೈಪ್ ಒಡೆದಿತ್ತು. ನಾನು ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದೆ.

ಜೂನ್ 12, ಶುಕ್ರವಾರ

28.

ವಿಭಾಗಕ್ಕೆಲ್ಲ ಸುದ್ದಿ ಹಬ್ಬಿದೆ. ಇವರೆಲ್ಲ ಹುಟ್ಟಾ ವಾಲ್ವಿನವರು, ಆದ್ದರಿಂದ ಎಲ್ಲರಿಗೂ ಅಭಿಪ್ರಾಯವಿದೆ. ಒಬ್ಬ ಫಿಟ್ಟರ್ ಒತ್ತಡ ಕಡಿಮೆ ಮಾಡಿ ಎಂದ. ಇನ್ನೊಬ್ಬ, "ಉಪ್ಪು ಕೂರ್ತಿರಬೇಕು, ಉಪ್ಪು ನಿಲ್ಲಿಸಿ" ಎಂದ. ಪಶುವೈದ್ಯೆಯೂ ಇವೆರಡನ್ನೇ ಹೇಳಿದ್ದರು, ಅದಕ್ಕೆ ಅವರು ಓದಿದ್ದು ಐದು ವರ್ಷ.

ತೊಂದರೆಯೆಂದರೆ ಅವರು ಬಹುವಚನದಲ್ಲಿ ಕೇಳುತ್ತಾರೆ, ನಾನೂ ಅದರಲ್ಲೇ ಉತ್ತರಿಸಬೇಕಾಗುತ್ತದೆ. ತಿಂದ್ರಾ? ತಿಂದ್ರು. ಮಲಗಿದ್ರಾ? ಮಲಗಿದ್ರು. ಇವತ್ತು ಊಟದ ಹೊತ್ತಿಗೆ ಒಬ್ಬ ದನಿ ತಗ್ಗಿಸಿ ಕೇಳಿದ: "ಮೇಡಂ, ತಪ್ಪು ತಿಳ್ಕೋಬೇಡಿ. ಅವರಿಗೆ ಒಂದಕ್ಕೆ ಎಲ್ಲಿ ಮಾಡಿಸ್ತೀರಾ?"

"ಬೀದಿ ಕೊನೇಲಿರೋ ಕಂಬಕ್ಕೆ," ಎಂದೆ.

ಎಲ್ಲರ ತುತ್ತೂ ಅರ್ಧದಲ್ಲಿ ನಿಂತಿತು. ಕೊನೆಗೆ ಕಿವಿ ಹೇಳಿದ: "ವಯಸ್ಸಾದೋರು. ಏನು ಮಾಡೋಕಾಗುತ್ತೆ."

ಜೂನ್ 20, ಶನಿವಾರ

27. ಬೆಳಗಿನದು. ಸಂಜೆ ಜನ ಬಂದಿದ್ದರಿಂದ ದೊಡ್ಡಪ್ಪ ಮಲಗಲಿಲ್ಲ.

ಹೇಳದೆ ಕೇಳದೆ ವಿಭಾಗದ ನಾಲ್ವರು ರೋಗಿಯನ್ನು ನೋಡಲು ಬಂದುಬಿಟ್ಟರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣು, ಒಬ್ಬನ ಬಳಿ ಬಿಸಿನೀರಿನ ಫ್ಲಾಸ್ಕು. ಬಾಗಿಲಲ್ಲೇ ಚಪ್ಪಲಿಯ ಸದ್ದಾಗದಂತೆ ಕಳಚಿದರು. "ಎಚ್ಚರ ಇದ್ದಾರಾ?" ಎಂದು ಕಿವಿ ಪಿಸುಗುಟ್ಟಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಬೆವರುತ್ತಾ ನಿಂತೆ. ಆಮೇಲೆ ಕೋಣೆಯ ಬಾಗಿಲು ತೆಗೆದೆ. ಹೊದಿಕೆಯ ಒಳಗಿನಿಂದ ಬಿಳಿ ಗಡ್ಡ ಹೊರಗೆ ಬಂತು. ನಾಲ್ವರನ್ನೂ ಒಂದೊಂದಾಗಿ ನೋಡಿತು, ಕೆಮ್ಮಿತು, ಹಣ್ಣಿನ ಚೀಲವನ್ನು ಮೂಸಿತು.

ಫ್ಲಾಸ್ಕಿನವನು ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದ. ಇನ್ನು ನನ್ನ ಮಾನ ಮೂರು ಕಾಸಿಗೆ ಹೋಯಿತು ಎಂದುಕೊಂಡೆ. ಆಗ ಕಿವಿ ಹೊರಗೆ ಹೋಗಿ, ಸೈಕಲ್ಲಿಗೆ ಕಟ್ಟಿದ್ದ ಆಲಿಸುವ ಕೋಲನ್ನು ತಂದ. ಕರವಸ್ತ್ರದಲ್ಲಿ ತುದಿಯನ್ನು ಸುತ್ತಿ, "ತಣ್ಣಗಿರುತ್ತೆ, ಬೇಜಾರು ಮಾಡ್ಕೋಬೇಡಿ," ಎಂದು ದೊಡ್ಡಪ್ಪನಿಗೆ ಹೇಳಿ, ಅದರ ಎಡ ಪಕ್ಕೆಗೆ ಮೆಲ್ಲಗೆ ಇಟ್ಟ. ನಲವತ್ತು ವರ್ಷದಿಂದ ನೆಲದ ಮೇಲೆ ಮಾಡುವಂತೆಯೇ ಕಣ್ಣು ಮುಚ್ಚಿ ಕೂತ. ದೊಡ್ಡಪ್ಪ ಸುಮ್ಮನೆ ಮೈಯೊಡ್ಡಿಕೊಂಡಿತು.

"ಲೀಕ್ ಇದೆ," ಎಂದ ಎರಡು ನಿಮಿಷದ ಮೇಲೆ. "ಪ್ರತಿ ಹೊಡೆತಕ್ಕೂ ವಾಪಸ್ ಬರ್ತಿದೆ. ಸಣ್ಣದಲ್ಲ ಮೇಡಂ."

ಹೊರಡುವಾಗ ನಾನು ಕ್ಷಮೆ ಕೇಳಲು ಹೋದೆ. ಇನ್ನು ಮೇಲೆ 'ಅದು' ಎಂದೇ ಕರೆಯಬಹುದು ಎಂದೆ. ಕಿವಿ ತಲೆಯಾಡಿಸಿದ. "ಎರಡು ವಾರದಿಂದ ಅವರು ಅವರು ಅಂತಿದ್ದೀವಿ. ಈಗ ಇದ್ದಕ್ಕಿದ್ದಂಗೆ ಅದು ಅನ್ನೋಕೆ ಬಾಯಿ ಬರಲ್ಲ." ಫ್ಲಾಸ್ಕು ಇಲ್ಲೇ ಉಳಿದಿದೆ.

ಜೂನ್ 23, ಮಂಗಳವಾರ

26.

ಎಲ್ಲರೂ ಬಂದು ಒಬ್ಬೊಬ್ಬರಾಗಿ ಕೇಳುವುದು ಬೇಡವೆಂದು ಕಿವಿ ಇವತ್ತಿನ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದ. ಆ ಹಲಗೆಯಲ್ಲಿ ಎಲ್ಲ ಪೈಪ್ ಮಾರ್ಗಗಳ ಒತ್ತಡ ಇರುತ್ತದೆ. ಕೊನೆಯ ಸಾಲು: ದೊಡ್ಡಪ್ಪ – 26.

ಜೂನ್ 29, ಸೋಮವಾರ

ಎಂಜಿನಿಯರ್ ಹೊಸಬರು, ವರ್ಗವಾಗಿ ಬಂದು ತಿಂಗಳಾಯಿತು. ಅಂಕಿಗಳ ಮೇಲೆ ಬಹಳ ಪ್ರೀತಿ, ಪೈಪುಗಳ ಪರಿಚಯ ಇಲ್ಲ. ಇವತ್ತು ಹಲಗೆಯ ಮೇಲಿದ್ದುದನ್ನೆಲ್ಲ ನಕಲು ಮಾಡಿಕೊಂಡು ಮುಖ್ಯ ಕಚೇರಿಗೆ ವಾರದ ವರದಿ ಕಳಿಸಿದ್ದಾರೆ. ದೊಡ್ಡಪ್ಪನನ್ನೂ ಸೇರಿಸಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ತಿದ್ದಿಸೋಣವೆಂದು ಹೋದೆ. ವರದಿಗೆ ಸೇರಿದ ಮಾರ್ಗವನ್ನು ತೆಗೆಸಬೇಕಾದರೆ ಆ ಮಾರ್ಗದ ನಕ್ಷೆ ಲಗತ್ತಿಸಿ ಅರ್ಜಿ ಕೊಡಬೇಕಂತೆ. ವಾಪಸ್ ಬಂದೆ.

ಅಂದ ಹಾಗೆ, ಇವತ್ತು 25. ಮೊಟ್ಟೆಯ ಹಳದಿಯಲ್ಲಿ ಮಾತ್ರೆ ಮುಚ್ಚಿ ಕೊಟ್ಟರೆ ತಿನ್ನುತ್ತಾರೆ.

ಜುಲೈ 6, ಸೋಮವಾರ

46.

ಎತ್ತಿಕೊಂಡು ಓಡಿದೆ. ನಾಲಿಗೆ ನೀಲಿಯಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಕೊಟ್ಟರು. ಶ್ವಾಸಕೋಶದಲ್ಲಿ ನೀರು. ಮೂರು ಗಂಟೆ ಕೂತಿದ್ದೆ.

ಜುಲೈ 7, ಮಂಗಳವಾರ

31. ಮನೆಗೆ ಬಂದರು.

ಪಶುವೈದ್ಯೆ ನೀರಿನ ಮಾತ್ರೆಯನ್ನು ದಿನಕ್ಕೆ ಎರಡರಿಂದ ಮೂರಕ್ಕೆ ಏರಿಸಿದ್ದಾರೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಇನ್ನೊಂದು ಸಲ ಹೀಗಾದ್ರೆ ಎಳೆದಾಡೋದು ಬೇಡ. ಯೋಚನೆ ಮಾಡಿಟ್ಕೊಳ್ಳಿ," ಎಂದರು. ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಬಿಲ್ಲಿನ ಹಿಂಬದಿ ಓದುತ್ತಾ ನಿಂತೆ.

ಮಧ್ಯಾಹ್ನ ಎಂಜಿನಿಯರ್ ಹಲಗೆಯ ಮುಂದೆ ನಿಂತಿದ್ದರು.

"ದೊಡ್ಡಪ್ಪ ಲೈನ್ ಒಂದೇ ದಿನ ನಲವತ್ತಾರಕ್ಕೆ ಹೋಗಿದೆ. ವಾಲ್ವ್ ಹೇಗಿದೆ?"

"ಸರಿಯಾಗಿ ಮುಚ್ಕೊಳ್ತಿಲ್ಲ ಸರ್."

"ಬದಲಾಯಿಸೋಕೆ?"

"ಆಗಲ್ವಂತೆ."

"ಮತ್ತೆ ಏನು ಕ್ರಮ ತಗೊಂಡಿದ್ದೀರಿ?"

ಹಿಂದಿನಿಂದ ಕಿವಿ ಹೇಳಿದ: "ಮಾತ್ರೆ ಹಾಕ್ತಿದ್ದೀವಿ ಸರ್. ದಿನಕ್ಕೆ ಎರಡು."

ಕ್ಲೋರಿನ್ ಮಾತ್ರೆ ಎಂದುಕೊಂಡರೋ ಏನೋ, ಎಂಜಿನಿಯರ್ ಗಡ್ಡ ನೀವಿಕೊಂಡು ಯೋಚಿಸಿದರು. "ಮೂರು ಮಾಡಿ," ಎಂದರು.

ಇಬ್ಬರು ತಜ್ಞರ ಮಾತು ಒಂದೇ ಆಯಿತು. ಮೂರು ಕೊಡುತ್ತಿದ್ದೇನೆ.

ಜುಲೈ 11, ಶನಿವಾರ

30.

ಅಕ್ಕನನ್ನು ನೋಡಲು ಹೋಗಿದ್ದೆ. ಐದು ವಾರವಾದರೂ ಅವಳು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ವ್ಯಾಯಾಮ ಮಾಡಿಸಲು ಬಂದವರಿಗೆ ಬೆನ್ನು ತಿರುಗಿಸುತ್ತಾಳಂತೆ. ಇಪ್ಪತ್ತು ಹೆಜ್ಜೆ ನಡೆಯದೆ ಬಿಡುಗಡೆಯಿಲ್ಲ ಎಂದು ದೊಡ್ಡ ಸಿಸ್ಟರ್ ಹೇಳಿದರು. ಆ ಕೇಂದ್ರದಲ್ಲಿ ಅವರ ಮಾತೇ ಕಾನೂನು.

"ಅವನ ಮುಖ ನೋಡೋತನಕ ನಾನು ಒಂದು ಹೆಜ್ಜೆ ಇಡಲ್ಲ," ಎಂದಳು ಅಕ್ಕ.

"ನೀನು ಹೆಜ್ಜೆ ಇಟ್ರೇನೇ ಅವರ ಮುಖ ನೋಡೋದು."

"ತಂದು ತೋರಿಸು."

"ಇಲ್ಲಿ ಬಿಡಲ್ಲ."

"ಹಾಗಾದ್ರೆ ನಡೆಯಲ್ಲ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನಲವತ್ತಾರರ ಸಂಗತಿ ಅವಳಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಭಯವಾಯಿತು. ಅಕ್ಕ ಏಳುವುದರೊಳಗೆ ಇಲ್ಲಿ ಮುಗಿದುಹೋದರೆ ಅವಳು ಮತ್ತೆ ಏಳುವುದೇ ಇಲ್ಲ ಅನ್ನಿಸಿತು.

ಜುಲೈ 15, ಬುಧವಾರ

32.

ಮುಖ್ಯ ಕಚೇರಿಯಿಂದ ಆದೇಶ ಬಂದಿದೆ. ಹಾಗೇ ಇಳಿಸಿಕೊಳ್ಳುತ್ತೇನೆ: "ದೊಡ್ಡಪ್ಪ ಮಾರ್ಗವು ಹಳೆಯದಾಗಿದ್ದು, ಸದರಿ ಮಾರ್ಗದ ವಾಲ್ವ್ ದುರಸ್ತಿಗೆ ನಿಲುಕದೆಂದು ವರದಿಯಾಗಿರುವುದರಿಂದ, ಮಾರ್ಗಕ್ಕೆ ಸಂಬಂಧಿಸಿದ ಕಟ್ಟಡಗಳನ್ನು ಪ್ರವೇಶಿಸಿ ಅಂತಿಮ ಪರಿಶೀಲನೆ ನಡೆಸಿ, ಮಾರ್ಗವನ್ನು ಶಾಶ್ವತವಾಗಿ ಮುಚ್ಚಿ, ವಾಲ್ವ್ ವಿಭಾಗದ ಮೇಲ್ವಿಚಾರಕರ ಸಹಿಯೊಂದಿಗೆ ವರದಿ ಸಲ್ಲಿಸತಕ್ಕದ್ದು."

ಓದಿ ಸಿಟ್ಟು ಬಂತು. ಎಲ್ಲಿಯೋ ಕೂತವರಿಗೆ ಮುಚ್ಚುವುದೆಂದರೆ ಒಂದು ಸಾಲು. ಕಾಗದವನ್ನು ಮೇಜಿನ ಕೆಳಗಿನ ಖಾನೆಗೆ ತಳ್ಳಿದೆ. ಮೂವತ್ತೊಂದು ವರ್ಷದಲ್ಲಿ ನಾನು ಬಚ್ಚಿಟ್ಟ ಮೊದಲ ಕಾಗದ.

ಅಕ್ಕನ ಹಟದ ಕಥೆ ಗೊತ್ತಿದ್ದ ಕಿವಿ ಅದನ್ನು ತೆಗೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಎರಡು ಸಲ ಓದಿದ. "ಮೇಡಂ," ಎಂದ, "ಕಟ್ಟಡಗಳನ್ನು ಪ್ರವೇಶಿಸಿ ಅಂತ ಇದೆ."

ಜುಲೈ 17, ಶುಕ್ರವಾರ

ಬರೆಯಲು ಬಹಳ ಇದೆ. ಮೊದಲು ಅಂಕಿ: 29.

ಹನ್ನೊಂದು ಗಂಟೆಗೆ ವಿಭಾಗದ ವ್ಯಾನು ಆರೈಕೆ ಕೇಂದ್ರದ ಮುಂದೆ ನಿಂತಿತು. ನಾನು, ಕಿವಿ, ಇಬ್ಬರು ಫಿಟ್ಟರ್‌ಗಳು. ಸಮವಸ್ತ್ರ, ಹೆಲ್ಮೆಟ್ಟು, ಆಲಿಸುವ ಕೋಲು. ದೊಡ್ಡಪ್ಪ ದೊಡ್ಡ ಟೂಲ್ ಬ್ಯಾಗಿನಲ್ಲಿ ಟವೆಲ್ಲಿನ ಮೇಲೆ ಕೂತಿದ್ದರು. ಗಾಳಿಯಾಡಲೆಂದು ಜಿಪ್ಪನ್ನು ಅರ್ಧ ತೆರೆದಿದ್ದೆ. ದೊಡ್ಡ ಸಿಸ್ಟರ್ ಆದೇಶವನ್ನು ಮೊಹರಿನವರೆಗೂ ಓದಿದರು.

"ದೊಡ್ಡಪ್ಪ ಮಾರ್ಗ ನಮ್ಮ ಬಿಲ್ಡಿಂಗಲ್ಲಿ ಎಲ್ಲಿ ಹೋಗುತ್ತೆ?"

"ಎರಡನೇ ಮಹಡಿ, ಹದಿನಾಲ್ಕನೇ ರೂಮು," ಎಂದೆ. ಇದೂ ಸುಳ್ಳಲ್ಲ.

ಆಗ ಬ್ಯಾಗು ಕೆಮ್ಮಿತು. ಕೂಡಲೇ ಕಿವಿ ಕೆಮ್ಮಿದ. ಬ್ಯಾಗು ಮತ್ತೆ ಕೆಮ್ಮಿತು. ಫಿಟ್ಟರ್‌ಗಳೂ ಕೆಮ್ಮಿದರು.

"ನಿಮ್ಮ ಬ್ಯಾಗ್ ಕೆಮ್ತಿದೆ," ಎಂದರು ಸಿಸ್ಟರ್.

"ಏರ್ ಲಾಕು ಸಿಸ್ಟರ್," ಎಂದ ಕಿವಿ. "ಹಳೇ ಲೈನು, ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿದೆ."

ಅವರು ನಂಬಿದರೋ, ನಂಬದಿರುವಷ್ಟು ಪುರುಸೊತ್ತು ಇರಲಿಲ್ಲವೋ, ದಾರಿ ಬಿಟ್ಟರು.

ಅಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಬ್ಯಾಗಿನಿಂದ ಗಡ್ಡ ಮೇಲೆದ್ದಾಗ ಎರಡು ಕೈ ಚಾಚಿದಳು. ಅರ್ಧ ಗಂಟೆ ತೊಡೆಯ ಮೇಲಿಟ್ಟುಕೊಂಡಿದ್ದಳು. "ಇಳಿದುಹೋಗಿದ್ದಾನೆ," ಎಂದಳು. "ತೂಕ ಅಷ್ಟೇ ಇದೆ, ಕೂದಲು ಕತ್ತರಿಸಿದೀನಿ," ಎಂದೆ. ನನ್ನ ಕಡೆ ಒಂದು ಥರಾ ನೋಡಿದಳು.

ಹೊರಡುವ ಹೊತ್ತಾಗಿ ಬ್ಯಾಗನ್ನು ಎತ್ತಿಕೊಂಡು ಕಾರಿಡಾರಿಗೆ ಬಂದೆ. ಹಿಂದೆ ವಾಕರಿನ ಸದ್ದು. ಅಕ್ಕ ಎದ್ದಿದ್ದಳು. "ನಿಲ್ಲು, ಇನ್ನೊಂದು ಸಲ ಮುಟ್ತೀನಿ," ಎನ್ನುತ್ತಾ ಬಂದಳು. ನಾನು ನಿಲ್ಲಬೇಕೆಂದೇ ಇದ್ದೆ. ಕಿವಿ ನನ್ನ ಮೊಣಕೈ ಹಿಡಿದು, "ನಿಲ್ಲಬೇಡಿ ಮೇಡಂ, ಮೆಲ್ಲಗೆ ನಡೀರಿ," ಎಂದ. ನಾನು ನಡೆದೆ, ಅಕ್ಕ ಬೈಯುತ್ತಾ ಹಿಂದೆ ಬಂದಳು. ಮೆಟ್ಟಿಲ ಬಳಿ ದೊಡ್ಡ ಸಿಸ್ಟರ್ ನಿಂತು ಬೆರಳು ಮಡಿಚುತ್ತಿದ್ದರು.

"ಇಪ್ಪತ್ಮೂರು," ಎಂದರು. ಬ್ಯಾಗಿನ ಕಡೆ ನೋಡಿ, "ಏರ್ ಲಾಕ್ ಹುಷಾರು," ಎಂದರು.

ಜುಲೈ 27, ಸೋಮವಾರ

31.

ಅಕ್ಕ ನನ್ನ ಮನೆಗೆ ಬಂದಳು. ಅವಳ ಮನೆಗೆ ಮೂರು ಮಹಡಿ ಹತ್ತಬೇಕು, ಸದ್ಯಕ್ಕೆ ಇಲ್ಲೇ. ಕೊಟ್ಟ ಮಾತು ಉಳಿಸಿಕೊಂಡೆ, ನನ್ನ ಕೆಲಸ ಮುಗಿಯಿತು. ಇನ್ನು ಈ ಪುಸ್ತಕ ಅವಳ ಕೈಗೆ.

ಕೊಡಲಿಲ್ಲ. ಅವಳ ಕೈಬರಹ ಕಾಗೆ ಕಾಲು, ಅಂಕಿ ಗುರುತು ಸಿಗುವುದಿಲ್ಲ.

ಆಗಸ್ಟ್ 2, ಭಾನುವಾರ

ನನ್ನ ಎಣಿಕೆ 33. ಅಕ್ಕನ ಎಣಿಕೆ 31. ಅವಳು ಪ್ರೀತಿಯಿಂದ ಎಣಿಸುತ್ತಾಳೆ, ಅದಕ್ಕೇ ತಪ್ಪುತ್ತದೆ. ಜಗಳವಾಯಿತು. ಮೊಟ್ಟೆ ಯಾರು ಕೊಡಬೇಕೆಂಬುದಕ್ಕೂ ಆಯಿತು.

"ಇದೇನೇ," ಎಂದಳು, "ಹನ್ನೆರಡು ವರ್ಷ ನನ್ನ ನಾಯಿ ಕಡೆ ತಿರುಗಿ ನೋಡದೋಳು, ಈಗ ಬನ್ನಿ ಕೂತ್ಕೊಳ್ಳಿ ಅಂತೀಯಾ?"

"ನಾನೆಲ್ಲಿ ಅಂದೆ?"

ಅಕ್ಕನಿಗೆ ಆಪರೇಷನ್ನಿನ ಔಷಧಿಯಿಂದ ಕಿವಿ ಮಂದವಾಗಿರಬೇಕು.

ಆಗಸ್ಟ್ 6, ಗುರುವಾರ

36. ಎರಡನೇ ಸಲ ಎಣಿಸಿದಾಗ 37. ಮೊಟ್ಟೆ ಬೇಡ ಎಂದರು.

ಪಶುವೈದ್ಯೆ ಮನೆಗೇ ಬಂದು ನೋಡಿದರು. ನೋವಿಲ್ಲ, ಸುಸ್ತು ಅಷ್ಟೇ ಎಂದರು. ಭಾನುವಾರದ ತನಕ ನೋಡೋಣ, ಸೋಮವಾರ ತೀರ್ಮಾನ ಮಾಡೋಣ ಎಂದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಇಬ್ಬರೂ ಹೂಂ ಎನ್ನಲಿಲ್ಲ.

ಆಗಸ್ಟ್ 9, ಭಾನುವಾರ

ಮಧ್ಯಾಹ್ನ ಮೂರು ಗಂಟೆ. ಕಿಟಕಿಯ ಬಿಸಿಲಿನಲ್ಲಿ ಮಲಗಿದ್ದರು. ತಲೆ ಅಕ್ಕನ ಕಾಲ ಮೇಲೆ, ಬೆನ್ನು ನನ್ನ ಕೈಗೆ. ನಾನು ಗಡಿಯಾರ ನೋಡಿ ಎಣಿಸಲು ಶುರು ಮಾಡಿದೆ.

ಹದಿನೇಳರವರೆಗೆ ಎಣಿಸಿದೆ. ಹದಿನೆಂಟಕ್ಕೆ ಕಾದೆ.

ಆಗಸ್ಟ್ 11, ಮಂಗಳವಾರ

ಕೆಲಸಕ್ಕೆ ಹೋದೆ. ಹಲಗೆಯ ಕೊನೆಯ ಸಾಲನ್ನು ಯಾರೂ ಒರೆಸಿರಲಿಲ್ಲ, ಅಂಕಿಯ ಜಾಗ ಖಾಲಿ ಇತ್ತು. ಕಿವಿ ಬಂದು ಪಕ್ಕದಲ್ಲಿ ನಿಂತ.

ಹತ್ತೂವರೆಗೆ ಎಂಜಿನಿಯರ್ ಕರೆಸಿದರು. "ದೊಡ್ಡಪ್ಪ ಲೈನ್ ಬಗ್ಗೆ ಮುಖ್ಯ ಕಚೇರಿಯಿಂದ ಮೂರನೇ ನೆನಪೋಲೆ ಬಂದಿದೆ. ಮುಚ್ಚಿದ್ರಾ?"

"ಮುಚ್ಚಿತು ಸರ್. ಭಾನುವಾರ."

"ಒಳ್ಳೇದಾಯ್ತು. ಹಾಗಾದ್ರೆ ಈ ಫಾರಂ ತುಂಬಿ ಕೊಡಿ."

ಅವರ ಮುಂದೆಯೇ ಕೂತು ತುಂಬತೊಡಗಿದೆ. ಮಾರ್ಗದ ಹೆಸರು ಬರೆದೆ. ವಯಸ್ಸು, ಹನ್ನೆರಡು. ಮುಚ್ಚಿದ ದಿನಾಂಕ ಬರೆಯುವಾಗ ಪೆನ್ನು ಓಡಲಿಲ್ಲ, ಅಕ್ಷರ ಕಾಣಲಿಲ್ಲ, ಕಾಗದದ ಮೇಲೆ ನೀರು ಬಿತ್ತು. ಕಚೇರಿಯಲ್ಲಿ ನಾನು ಅತ್ತಿದ್ದು ಇದೇ ಮೊದಲು. ಹೀಗೆ ಜೋರಾಗಿ ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಎಂಜಿನಿಯರ್ ಗಾಬರಿಯಾಗಿ ಎದ್ದು ನಿಂತರು, ನೀರಿನ ಲೋಟ ನನ್ನ ಮುಂದೆ ಸರಿಸಿದರು. "ನನಗೆ ಅರ್ಥ ಆಗುತ್ತೆ," ಎಂದರು ಕೊನೆಗೆ. "ಮೂವತ್ತೊಂದು ವರ್ಷ ನೋಡ್ಕೊಂಡೋರಿಗೆ ಲೈನ್ ಅಂದ್ರೆ ಬರೀ ಪೈಪಲ್ಲ. ಮನೆಯವರ ಥರ. ಇವತ್ತು ರಜೆ ತಗೊಳ್ಳಿ, ಮನೆಗೆ ಹೋಗಿ."

ಪೈಪೊಂದಕ್ಕಾಗಿ ಒಬ್ಬ ಹೆಂಗಸು ಹೀಗೆ ಅಳಬಹುದೆಂದು ಆ ಮನುಷ್ಯ ಪೂರ್ತಿಯಾಗಿ ನಂಬಿದ್ದರು. ಇವರನ್ನು ಇಷ್ಟು ದಿನ ನಾನು ತಪ್ಪು ತಿಳಿದಿದ್ದೆ.

ಫಾರಂ ಮುಗಿಸಿಯೇ ಹೊರಡುತ್ತೇನೆ ಎಂದೆ. ಮುಚ್ಚಲು ಕಾರಣ: ವಯಸ್ಸು. ಕೊನೆಯ ಕಲಂ: "ಈ ಮಾರ್ಗವನ್ನು ಅವಲಂಬಿಸಿದ್ದ ಮನೆಗಳ ಸಂಖ್ಯೆ." ಒಂದು ಎಂದು ಬರೆದೆ, ಅಕ್ಕನ ಮನೆ. ಸಹಿ ಹಾಕಲು ಹೋದವಳು ನಿಂತು, ಅದನ್ನು ಹೊಡೆದು ಹಾಕಿ, ಎರಡು ಎಂದು ಬರೆದೆ. ತಿದ್ದಿದ ಕಡೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕೆಂಬುದು ನಿಯಮ. ಹಾಕಿದೆ.